ಹಳೆಯ ತ್ರೀ ನಾಟ್ ತ್ರೀಗೆ ಹೊಸ ಹೊಳಪು ಬೇಕೆ?

ನಮ್ಮ ಪೊಲೀಸರ ಹೆಗಲ ಮೇಲೆ ತಲೆಮಾರುಗಳ ಕಾಲ ಇದ್ದ ತ್ರೀ ನಾಟ್ ತ್ರೀ ಕೋವಿಯ ಮೂಲ ಹೆಸರು ಲೀ-ಎನ್‌ಫೀಲ್ಡ್. 1907ರಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ ಅದರ ಮಾರ್ಕ್ 3 ಮಾದರಿ ಇಂಗ್ಲೆಂಡಿನಲ್ಲೂ ಆಸ್ಟ್ರೇಲಿಯಾದ ಲಿತ್‌ಗೋದಲ್ಲೂ ಬಂಗಾಳದ ಇಶಾಪುರದಲ್ಲೂ ತಯಾರಾಯಿತು. ಎರಡು ಮಹಾಯುದ್ಧಗಳನ್ನು ಕಂಡಿತು. ಸೇನೆಗಳು ಕೈಬಿಟ್ಟ ಮೇಲೆ ಲಕ್ಷಾಂತರ ಕೋವಿಗಳು ಹರಾಜಾಗಿ ಅಮೆರಿಕ, ಕೆನಡಾಗಳ ಮನೆಗಳನ್ನು ಸೇರಿದವು. ಅವುಗಳ ಮರದ ಭಾಗವನ್ನು, ಅಂದರೆ ಸ್ಟಾಕನ್ನು, ಮನೆಯಲ್ಲೇ ಬಿಚ್ಚಿ, ಉಜ್ಜಿ, ಕೆತ್ತಿ, ಪಾಲಿಶ್ ಮಾಡಿಕೊಳ್ಳುವುದು ಅಲ್ಲಿ ಬಹುಕಾಲದ ಹವ್ಯಾಸ.

ಈ ಕೆಲಸವನ್ನು ಜನ ಸಾಮಾನ್ಯವಾಗಿ ಹೊಳಪಿನಿಂದ ಅಳೆಯುತ್ತಾರೆ. ಕಪ್ಪಾಗಿ ಜಿಡ್ಡುಗಟ್ಟಿದ ಮರ ಕನ್ನಡಿಯಂತೆ ಮಿಂಚಿದರೆ ಕೆಲಸ ಗೆದ್ದಂತೆ. ಈ ಅಳತೆಗೋಲೇ ತಪ್ಪು ಎಂಬುದು ನನ್ನ ವಾದ. ಕೋವಿಯ ಮರಕ್ಕೆ ಎರಡು ಹೊಣೆಗಳಿವೆ: ಉಕ್ಕನ್ನು ಸರಿಯಾಗಿ ಹಿಡಿದಿಡುವುದು, ತಾನು ಕಂಡದ್ದನ್ನು ಮೈಮೇಲೆ ಉಳಿಸಿಕೊಳ್ಳುವುದು. ಇವೆರಡಕ್ಕೂ ಧಕ್ಕೆಯಾಗದಂತೆ ನಡೆದ ಕೆಲಸವೇ ಒಳ್ಳೆಯ ಕೆಲಸ.

ಮೊದಲನೆಯ ಹೊಣೆಯನ್ನು ಲೀ-ಎನ್‌ಫೀಲ್ಡಿನಲ್ಲೇ ನೋಡಬಹುದು. ಇದರ ಮರ ಒಂದೇ ತುಂಡಲ್ಲ. ಭುಜಕ್ಕೆ ಒತ್ತುವ ಹಿಂಭಾಗ ಬೇರೆ, ನಳಿಗೆಯ ಕೆಳಗಿನ ಮುಂಭಾಗ ಬೇರೆ, ಮೇಲೆ ಕೈ ಸುಡದಂತೆ ಕಾಯುವ ಹೊದಿಕೆ ಬೇರೆ. ಹಿಂಭಾಗದ ಒಳಗೆ ಉದ್ದಕ್ಕೂ ಹಾದುಬರುವ ಬೋಲ್ಟಿನ ಚೌಕ ತುದಿ, ಮುಂಭಾಗದ ಮರದಲ್ಲಿ ಕೂರಿಸಿದ ಲೋಹದ ತಗಡಿನೊಳಗೆ ಸಿಕ್ಕಿಕೊಂಡಿರುತ್ತದೆ. ಬೋಲ್ಟು ತಾನಾಗಿ ಸಡಿಲವಾಗದಿರಲೆಂದು ಈ ಏರ್ಪಾಡು. ಇದನ್ನು ತಿಳಿಯದೆ ಮುಂಭಾಗ ಕಳಚುವ ಮೊದಲೇ ಹಿಂಭಾಗದ ಬೋಲ್ಟು ತಿರುಗಿಸಿದರೆ ಆ ಚೌಕ ತುದಿಯೇ ಮುಂಭಾಗದ ಮರವನ್ನು ಸೀಳಿಬಿಡುತ್ತದೆ. ಎಷ್ಟೋ ಕೋವಿಗಳು ಯುದ್ಧದಲ್ಲಿ ಬದುಕಿ, ಮನೆಯ ಮೇಜಿನ ಮೇಲೆ ಹೀಗೆ ಸೀಳಿವೆ.

ಗುಂಡು ಹಾರಿದಾಗ ಹಿಮ್ಮೆಟ್ಟುವ ಉಕ್ಕಿನ ಪೆಟ್ಟನ್ನು ತಾಳುವುದು ಮುಂಭಾಗದ ಮರದ ಒಳಗಿನ ಎರಡು ಪುಟ್ಟ ಮುಖಗಳು. ಅಲ್ಲಿ ಹಳೆಯ ಎಣ್ಣೆ ಇಳಿದು ಮರ ಮೆತ್ತಗಾದರೆ ಕೋವಿಯ ಗುರಿ ಕೆಡುತ್ತದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಲಿತ್‌ಗೋದವರು ಮೃದುವಾದ ಕೋಚ್‌ವುಡ್ ಬಳಸುವಾಗ ಈ ಜಾಗಕ್ಕೆ ತಾಮ್ರದ ತಗಡು ಕೂರಿಸಿದ್ದು ಅದಕ್ಕಾಗಿಯೇ. ನಳಿಗೆಯ ತುದಿಯ ಹತ್ತಿರ ಸ್ಪ್ರಿಂಗಿನ ಮೇಲೆ ನಿಂತ ಸಣ್ಣ ಗೂಟವೊಂದು ನಳಿಗೆಯನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಚೆಂದ ಕಾಣಲೆಂದು ಮುಂಭಾಗವನ್ನು ಅರ್ಧಕ್ಕೆ ಕತ್ತರಿಸಿದವನು ಈ ಲೆಕ್ಕಾಚಾರವನ್ನೇ ಕಿತ್ತು ಎಸೆದಂತೆ.

ಎರಡನೆಯ ಹೊಣೆ ಮರದ ಹೊರಮೈಯದು. ಹಿಂಭಾಗದ ಮೇಲೆ ಒತ್ತಿದ ಒಂದೇ ಒಂದು ಅಕ್ಷರ ಆ ಮರ ಗಿಡ್ಡದೋ ಉದ್ದದ್ದೋ ಎಂದು ಹೇಳುತ್ತದೆ. ಸೈನಿಕನ ತೋಳಿನ ಅಳತೆಗೆ ತಕ್ಕಂತೆ ಅರ್ಧ ಅರ್ಧ ಇಂಚಿನ ವ್ಯತ್ಯಾಸದಲ್ಲಿ ಅವನ್ನು ಮಾಡುತ್ತಿದ್ದರು. ಹಳೆಯವುಗಳಲ್ಲಿ ಹಿತ್ತಾಳೆಯ ಬಿಲ್ಲೆಯಿದ್ದು, ಅದರ ಮೇಲೆ ದಳದ ಗುರುತು ಇರುತ್ತದೆ. ಇಶಾಪುರದಲ್ಲಿ ದುರಸ್ತಿಯಾದ ಕೋವಿಯಾದರೆ ಮುಂಭಾಗದ ಮರಕ್ಕೆ ಅಡ್ಡಲಾಗಿ ಬಿಗಿದ ಸ್ಕ್ರೂ ಕಾಣುತ್ತದೆ. ಮರ ಸೀಳದಿರಲೆಂದು ನಮ್ಮ ಕುಶಲಕರ್ಮಿಗಳು ಕಂಡುಕೊಂಡ ಉಪಾಯ ಅದು. ಮುರಿದಲ್ಲಿ ಹೊಸ ಮರದ ತೇಪೆ ಸೇರಿಸಿದ ಗೆರೆ, ಹಿಡಿದು ಹಿಡಿದು ಕಪ್ಪಾದ ಜಾಗ, ಲಾರಿಗೋ ಗೋಡೆಗೋ ತಾಗಿ ಬಿದ್ದ ಗೀರು, ಎಲ್ಲವೂ ಓದಲು ಬರುವವರಿಗೆ ದಾಖಲೆಗಳೇ. ಈ ದಾಖಲೆಯೆಲ್ಲ ಇರುವುದು ಮರದ ಮೇಲ್ಪದರದಲ್ಲಿ. ಸ್ಯಾಂಡ್‌ಪೇಪರ್ ಮೊದಲು ತಿನ್ನುವುದೂ ಆ ಪದರವನ್ನೇ.

ಈ ಎರಡು ಹೊಣೆಗಳನ್ನು ಮುಂದಿಟ್ಟುಕೊಂಡು ಮನೆಗೆಲಸದ ಬಗೆಗಳನ್ನು ತೂಗಿನೋಡೋಣ.

ಮೊದಲನೆಯದು, ಯುದ್ಧದ ಕೋವಿಯನ್ನು ಬೇಟೆಯ ಕೋವಿಯಾಗಿ ಬದಲಿಸುವುದು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಇಂಥ ಕೋವಿಗಳು ಅಂಚೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಆ ವ್ಯಾಪಾರಕ್ಕೆ ಕಡಿವಾಣ ಬಿದ್ದದ್ದು ಅಧ್ಯಕ್ಷ ಕೆನಡಿ ಹತ್ಯೆಯ ನಂತರ, 1968ರ ಕಾನೂನಿನಿಂದ. ಕೆನಡಿಯನ್ನು ಕೊಂದ ಇಟಲಿಯ ಕಾರ್ಕಾನೋ ಕೋವಿ ಕೂಡ ಅಂಚೆಯಲ್ಲೇ ಬಂದ ಸೇನಾ ಸರಕು. ಅದಕ್ಕೆ ಮೊದಲಿನ ವರ್ಷಗಳಲ್ಲಿ, ಅಂಗಡಿಯ ಹೊಸ ಕೋವಿ ಕೊಳ್ಳಲಾಗದ ರೈತ, ಕಾರ್ಮಿಕ ಹತ್ತಾರು ಡಾಲರಿಗೆ ಸೇನೆಯ ಕೋವಿ ತಂದು, ಮುಂಭಾಗ ಕತ್ತರಿಸಿ ಭಾರ ಇಳಿಸಿ, ಜಿಂಕೆ ಬೇಟೆಗೆ ಹೊರಡುತ್ತಿದ್ದ. ಇಂದಿನ ಸಂಗ್ರಾಹಕರು ಅವನನ್ನು ಹಳಿಯುವುದು ಅನ್ಯಾಯ. ಅವನಿಗೆ ಬೇಕಿದ್ದದ್ದು ಮನೆಮಂದಿಯ ಊಟಕ್ಕೆ ಒದಗುವ ಸಲಕರಣೆ, ಮತ್ತು ಆಗ ಆ ಕೋವಿಗಳಿಗೆ ಬರವಿರಲಿಲ್ಲ. ಇದೇ ಕೆಲಸದ ಉತ್ತಮ ಮಾದರಿಯೂ ಇದೆ. ಪೀಠೋಪಕರಣದ ಕುಶಲಕರ್ಮಿ ಸೀಮೋರ್ ಗ್ರಿಫಿನ್ ಸೇನೆಯ ಸ್ಪ್ರಿಂಗ್‌ಫೀಲ್ಡ್ ಕೋವಿಗಳಿಗೆ ಅಕ್ರೋಟು ಮರದಲ್ಲಿ ಹೊಸ ಸ್ಟಾಕ್ ಕಡೆದು, 1923ರಲ್ಲಿ ನ್ಯೂಯಾರ್ಕಿನಲ್ಲಿ ಗ್ರಿಫಿನ್ ಅಂಡ್ ಹೌ ಸಂಸ್ಥೆ ಕಟ್ಟಿದ. ಹಳೆಯದನ್ನು ತುಂಡರಿಸದೆ ಹೊಸದನ್ನೇ ಕಡೆಯುವುದು ಸೃಷ್ಟಿಯ ಕೆಲಸ. ಅದಕ್ಕೆ ಪೂರ್ಣ ಅಂಕ ಕೊಡಬೇಕು.

ಎರಡನೆಯದು ಉಜ್ಜಿ ಮಿಂಚಿಸುವ ಕೆಲಸ. ಇಂದು ನನಗೆ ಹೆಚ್ಚು ನೋವು ಕೊಡುವುದು ಇದೇ. ಎರಡು ಸಾವಿರದ ಮೊದಲ ದಶಕದಲ್ಲಿ ರಷ್ಯಾದ ಮೋಸಿನ್-ನಗಾಂತ್ ಕೋವಿ ಅಮೆರಿಕದಲ್ಲಿ ನೂರು ಡಾಲರಿಗೂ ಕಡಿಮೆಗೆ ಸಿಗುತ್ತಿತ್ತು. ಅದರ ಬರ್ಚ್ ಮರಕ್ಕೆ ಸೋವಿಯತ್ ದುರಸ್ತಿ ಕೇಂದ್ರಗಳಲ್ಲಿ ಕೆಂಪು ಛಾಯೆಯ ಅರಗಿನ ಪಾಲಿಶ್ ಹಚ್ಚಿರುತ್ತಿದ್ದರು. ಅದು ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಕೊಡುವ ಅರಗಿನ ಕುಲದ್ದೇ. ಒರಟಾಗಿ, ಅಲ್ಲಲ್ಲಿ ಎದ್ದು ಬಂದ ಆ ಪಾಲಿಶನ್ನು ಕೊಳೆಯೆಂದು ಬಗೆದು ಕಿತ್ತು, ಬಿಳಿ ಮರ ಕಾಣುವವರೆಗೆ ಉಜ್ಜಿ, ಮೇಲೆ ಪಾಲಿಯುರೇಥೇನ್ ವಾರ್ನಿಷ್ ಬಳಿದವರು ಅಸಂಖ್ಯ. ಪರಿಣಾಮವೇನು? ಮುದ್ರೆಗಳು ಅಳಿದವು, ಅಂಚುಗಳು ದುಂಡಾದವು, ಲೋಹಕ್ಕಿಂತ ಮರ ತಗ್ಗಾಗಿ ಅಳತೆ ತಪ್ಪಿದ ಬಟ್ಟೆ ತೊಟ್ಟಂತೆ ಕಾಣತೊಡಗಿತು. ಮರ ಹೊಸದೂ ಆಗಲಿಲ್ಲ, ಹಳೆಯದಾಗಿಯೂ ಉಳಿಯಲಿಲ್ಲ.

ಮೂರನೆಯದು ತೊಳೆದು, ಎಬ್ಬಿಸಿ, ಎಣ್ಣೆಯೂಡುವ ಕೆಲಸ. ಕೌಶಲ ಹೆಚ್ಚು ಬೇಡುವುದು ಇದು, ಹೊಗಳಿಕೆ ಕಡಿಮೆ ಪಡೆಯುವುದೂ ಇದೇ. ನೆಗ್ಗಿದ ಜಾಗದ ಮೇಲೆ ಒದ್ದೆ ಹತ್ತಿಬಟ್ಟೆ ಹಾಸಿ, ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಚುಂಯ್ ಎಂದು ಆವಿ ಒಳಗಿಳಿಯುತ್ತದೆ. ಅಮುಕಿಹೋಗಿದ್ದ ಎಳೆಗಳು ನೀರು ಕುಡಿದು ಉಬ್ಬಿ ಮೇಲೇಳುತ್ತವೆ. ಒಂದು ಚೂರೂ ಮರ ಕಳೆಯದೆ ತಗ್ಗು ತುಂಬುತ್ತದೆ. ಎಳೆ ತುಂಡಾದ ಗೀರು ಮಾತ್ರ ಏಳುವುದಿಲ್ಲ. ಅದನ್ನು ಹಾಗೆಯೇ ಬಿಡಬೇಕು. ಹಳೆಯ ಗ್ರೀಸು ಕುಡಿದ ಮರಕ್ಕೆ ಸೀಮೆಸುಣ್ಣದ ಪುಡಿಯನ್ನು ದ್ರಾವಕದಲ್ಲಿ ಕಲಸಿ ಮೆತ್ತಿದರೆ, ಒಣಗುತ್ತಾ ಹೋದಂತೆ ಬಿಳಿಯ ಮೆತ್ತೆ ಕಂದಾಗುತ್ತದೆ. ಎಣ್ಣೆ ಹೊರಬರುತ್ತಿದೆ ಎಂಬುದಕ್ಕೆ ಆ ಕಂದೇ ಸಾಕ್ಷಿ. ಕೊನೆಗೆ ಅಗಸೆ ಎಣ್ಣೆ. ಬ್ರಿಟಿಷ್ ಶಸ್ತ್ರಾಗಾರಗಳು ಬಳಸಿದ್ದು ಹಸಿ ಅಗಸೆ ಎಣ್ಣೆ. ಅದು ಒಣಗಲು ವಾರಗಟ್ಟಲೆ ಬೇಕು. ಬೇಗ ಒಣಗಲೆಂದು ರಾಸಾಯನಿಕ ಬೆರೆಸಿದ ಎಣ್ಣೆ ಅಂಗಡಿಯಲ್ಲಿ ಸಿಗುತ್ತದೆ. ಯಾವುದೇ ಇರಲಿ, ತೆಳುವಾಗಿ ಅಂಗೈಯಿಂದ ತಿಕ್ಕಿ, ಹೆಚ್ಚಿದ್ದನ್ನು ಒರೆಸಿ, ಕಾಯಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಾಳಿಯೊಡನೆ ಸೇರಿ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಬೇಕು.

ನನ್ನ ಈ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಹೀಗಿದೆ: ಸೇನೆಯವರೇ ಈ ಮರವನ್ನು ಉಜ್ಜಿದರು, ತೇಪೆ ಹಾಕಿದರು, ಬದಲಿಸಿದರು, ದುಡ್ಡು ಕೊಟ್ಟು ಕೊಂಡವನಿಗೆ ಮಾತ್ರ ಆ ಹಕ್ಕು ಯಾಕಿಲ್ಲ? ಹಕ್ಕು ಖಂಡಿತ ಇದೆ. ಆದರೆ ಶಸ್ತ್ರಾಗಾರದವನು ಮರ ಮುಟ್ಟಿದ್ದು ಕೋವಿ ಮತ್ತೆ ಕೆಲಸಕ್ಕೆ ಬರಲೆಂದು. ಅವನ ದುರಸ್ತಿ ಕೋವಿಯ ಚರಿತ್ರೆಗೆ ಒಂದು ಪುಟ ಸೇರಿಸಿತು. ಹೊಳಪಿಗಾಗಿ ಉಜ್ಜುವವನು ಪುಟಗಳನ್ನು ಹರಿಯುತ್ತಾನೆ. ಮೇಲಾಗಿ, ಹಚ್ಚಿದ ಪಾಲಿಶನ್ನು ನಾಳೆ ತೆಗೆಯಬಹುದು, ಉಜ್ಜಿ ತೆಗೆದ ಮರವನ್ನು ಮತ್ತೆ ಅಂಟಿಸಲಾಗದು. ಈಗಾಗಲೇ ಯಾರೋ ಕತ್ತರಿಸಿ ಹಾಕಿದ ಕೋವಿಯಾದರೆ ಮಾತು ಬೇರೆ. ಅಲ್ಲಿ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಕೈಚಳಕ ತೋರಿಸಲು, ತನ್ನ ತೋಳಿಗೆ ಹೊಂದುವಂತೆ ಕೆತ್ತಿಕೊಳ್ಳಲು ಅದೇ ಸರಿಯಾದ ವಸ್ತು.

ನಮ್ಮ ದೇಶದಲ್ಲಿ .303 ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಅದಕ್ಕೇ ಇಶಾಪುರ ಕಾರ್ಖಾನೆ ಲೀ-ಎನ್‌ಫೀಲ್ಡಿನದೇ ಯಂತ್ರಭಾಗಕ್ಕೆ ಬೇಟೆ ಕೋವಿಯ ಮರ ತೊಡಿಸಿ .315 ಕೋವಿ ಮಾಡಿತು. ಅಮೆರಿಕದ ಗ್ಯಾರೇಜುಗಳಲ್ಲಿ ನಡೆದದ್ದು ಇಲ್ಲಿ ಕಾರ್ಖಾನೆಯಲ್ಲೇ ನಡೆಯಿತು. ಮನೆಯ ಕೋವಿಯನ್ನು ಹೇಗೆ ನೋಡಿಕೊಳ್ಳಬೇಕೆಂಬ ತಿಳಿವಳಿಕೆಯೂ ನಮ್ಮಲ್ಲಿ ಇಲ್ಲದೆ ಇಲ್ಲ. ಕೊಡವರು ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಶುಚಿಮಾಡಿ, ತೋಕ್ ಪೂ ಎಂಬ ಹೂವು ಮುಡಿಸಿ ಪೂಜಿಸುತ್ತಾರೆ. ಪ್ರತಿ ವರ್ಷ ಒರೆಸಿ ಕಾಪಾಡಿದ ಮರಕ್ಕೆ ಉಜ್ಜಿ ಹೊಸದು ಮಾಡುವ ಗತಿ ಬರುವುದೇ ಇಲ್ಲ.

ಆದ್ದರಿಂದ ಮನೆಯಲ್ಲಿ ಹಳೆಯ ಸ್ಟಾಕ್ ಕೈಗೆತ್ತಿಕೊಂಡವರ ಕೆಲಸ ನೋಡುವಾಗ ನಾನು ಕೇಳುವುದು ಮೂರೇ: ಮುದ್ರೆಗಳು ಓದಲು ಬರುತ್ತವೆಯೇ? ಮರ ಲೋಹಕ್ಕಿಂತ ತುಸು ಎತ್ತರದಲ್ಲೇ ನಿಂತಿದೆಯೇ? ಒಳಗಿನ ಆ ಎರಡು ಮುಖಗಳು ಗಟ್ಟಿಯಾಗಿವೆಯೇ? ಮೂರಕ್ಕೂ ಹೌದೆಂದಾದರೆ ಮರ ಎಷ್ಟೇ ಮಂಕಾಗಿರಲಿ, ಆ ಕೈ ಪಳಗಿದ ಕೈ.