ತಜ್ಞನ ಅಭಿಪ್ರಾಯ ಮತ್ತು ತೀರ್ಪಿನ ಗದ್ಯ

ನ್ಯಾಯಾಲಯದ ತೀರ್ಪನ್ನು ಗದ್ಯಕೃತಿಯೆಂದು ಭಾವಿಸಿ ವಿಮರ್ಶಿಸುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ಅದನ್ನು ವಕೀಲರಿಗೆ ಬಿಟ್ಟುಕೊಟ್ಟಿದ್ದೇವೆ. ಆದರೆ ತಾನು ಅಭ್ಯಾಸ ಮಾಡದ ಶಾಸ್ತ್ರವೊಂದರ ಮಾತನ್ನು ಕೇಳಿ, ತೂಗಿ, ಅದರಿಂದ ಒಬ್ಬ ಮನುಷ್ಯನ ಬಿಡುಗಡೆಯನ್ನೋ ಬಂಧನವನ್ನೋ ನಿರ್ಣಯಿಸಬೇಕಾದ ಬರಹ ಹೇಗಿರುತ್ತದೆಂಬುದು ಸಾಹಿತ್ಯ ವಿದ್ಯಾರ್ಥಿಗೂ ವಿಚಾರಾರ್ಹವಾದ ಪ್ರಶ್ನೆ.

1872ರ ಸಾಕ್ಷ್ಯ ಅಧಿನಿಯಮದ 45ನೆಯ ಪ್ರಕರಣವು ತಜ್ಞನ ಅಭಿಪ್ರಾಯಕ್ಕೆ ಅವಕಾಶ ಕೊಟ್ಟಿತು. ಆ ಅಭಿಪ್ರಾಯದ ಆಧಾರಗಳೂ ಪ್ರಸ್ತುತವೆಂದು 51ನೆಯ ಪ್ರಕರಣ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಮೊದಲನೆಯದು 39ಕ್ಕೆ ಸರಿದು, ಆಧಾರಗಳನ್ನು ಕುರಿತ ಪ್ರಕರಣವೇ 45 ಆಗಿದೆ. ಈ ಸ್ಥಾನಪಲ್ಲಟ ಆಕಸ್ಮಿಕ; ಆದರೂ ಅದರಲ್ಲೊಂದು ಔಚಿತ್ಯವಿದೆಯೆಂದು ನನಗೆ ತೋರುತ್ತದೆ. ತಜ್ಞನ ನಿರ್ಣಯವನ್ನು ಉದ್ಧರಿಸಿ, ಅದರ ಆಧಾರದ ವಿಷಯದಲ್ಲಿ ಮೌನ ವಹಿಸುವ ತೀರ್ಪಿನಲ್ಲಿ ನ್ಯಾಯಾಧೀಶನು ಏನನ್ನು ಅರಿತನೆಂಬುದು ಓದುಗನಿಗೆ ತಿಳಿಯುವುದೇ ಇಲ್ಲ.

ಈ ದೃಷ್ಟಿಯಿಂದ ಪರಿಶೀಲಿಸತಕ್ಕ ತೀರ್ಪು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಮಂಪರು ಪರೀಕ್ಷೆಯನ್ನು ನಮ್ಮ ಉಚ್ಚ ನ್ಯಾಯಾಲಯ 2004ರಲ್ಲಿ ಒಪ್ಪಿತ್ತು. 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು, ಆಪಾದಿತನ ಸಮ್ಮತಿಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮೆದುಳಿನ ಅಲೆಗಳ ಪರೀಕ್ಷೆ ಇವುಗಳಾವುದನ್ನೂ ನಡೆಸಕೂಡದೆಂದು ತೀರ್ಮಾನಿಸಿತು. ಈ ದೀರ್ಘ ತೀರ್ಪಿನ ಶ್ರೇಷ್ಠ ಭಾಗ ಅದರ ಆದೇಶವಲ್ಲ, ಪರೀಕ್ಷೆಗಳ ವಿವರಣೆ. ಸುಳ್ಳುಪತ್ತೆ ಯಂತ್ರವು ಉಸಿರಾಟ, ರಕ್ತದೊತ್ತಡ, ಚರ್ಮದ ವಿದ್ಯುತ್‌ಗುಣ ಇವುಗಳನ್ನು ಅಳೆಯುತ್ತದೆ, ಸುಳ್ಳನ್ನು ಅಳೆಯುವುದಿಲ್ಲ. ನಡುಗಿದವನು ಸುಳ್ಳಾಡಿದನೆಂಬುದು ಪರೀಕ್ಷಕನ ಊಹೆ. ಭಯಪಟ್ಟ ನಿರಪರಾಧಿಯೂ ನಡುಗಿಯಾನು. ಅಳತೆಗೂ ಊಹೆಗೂ ಇರುವ ಈ ಅಂತರವನ್ನು ನ್ಯಾಯಮೂರ್ತಿಗಳು ಸ್ವಂತ ವಾಕ್ಯಗಳಲ್ಲಿ ಬಿಡಿಸಿಟ್ಟಿದ್ದಾರೆ. ತಜ್ಞನಿಂದ ಕಲಿಯುವುದೆಂದರೆ ಇದೇ.

ಒಂದು ಕೊರತೆಯನ್ನೂ ಹೇಳಬೇಕು. ತೀರ್ಪು ನಿಂತಿರುವುದು ಮುಖ್ಯವಾಗಿ ಸಂವಿಧಾನದ 20(3) ಮತ್ತು 21ನೆಯ ಅನುಚ್ಛೇದಗಳ ಮೇಲೆ. ಪರೀಕ್ಷೆ ನಂಬಲರ್ಹವಾಗಿದ್ದರೂ ಬಲವಂತವು ಅಸಾಧುವೇ. ನ್ಯಾಯದೃಷ್ಟಿಯಿಂದ ಇದು ಸರಿ. ಆದರೆ ಬೇರೊಂದು ಶಾಸ್ತ್ರದ ವರದಿಯನ್ನು ತೂಗಬೇಕಾದ ಸೆಷನ್ಸ್ ನ್ಯಾಯಾಧೀಶನು ಅಳತೆಗೋಲಿಗಾಗಿ ಈ ತೀರ್ಪನ್ನು ತೆರೆದರೆ, ಅಷ್ಟು ಸೊಗಸಾದ ವಿವರಣೆಯಿಂದ ಅದನ್ನು ತಾನೇ ಹೆಕ್ಕಿಕೊಳ್ಳಬೇಕಾಗುತ್ತದೆ.

ಆಧಾರವನ್ನು ಕೆದಕದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕಳ ಮೊಕದ್ದಮೆ ಸಾಕ್ಷಿ. ತನ್ನ ಎರಡು ಹಸುಳೆಗಳನ್ನು ಕೊಂದಳೆಂದು 1999ರಲ್ಲಿ ಅವಳಿಗೆ ಶಿಕ್ಷೆಯಾಯಿತು. ಅಂಥ ಕುಟುಂಬದಲ್ಲಿ ಶಿಶುವೊಂದು ಕಾರಣ ತಿಳಿಯದೆ ಹಠಾತ್ತನೆ ಸಾಯುವ ಸಂಭವ 8,543ರಲ್ಲಿ ಒಂದು, ಇಬ್ಬರೂ ಸಾಯುವುದು 7 ಕೋಟಿ 30 ಲಕ್ಷದಲ್ಲಿ ಒಂದು ಎಂದು ಮಕ್ಕಳ ವೈದ್ಯ ರಾಯ್ ಮೆಡೋ ಸಾಕ್ಷ್ಯ ನುಡಿದರು. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದೇ ಇದರ ಲೆಕ್ಕ. ಒಡಹುಟ್ಟಿದವರ ಸಾವುಗಳಿಗೆ ಪರಸ್ಪರ ಸಂಬಂಧವೇ ಇಲ್ಲವೆಂದು ತಿಳಿದರೆ ಮಾತ್ರ ಆ ಗುಣಾಕಾರ ಸಲ್ಲುತ್ತದೆ. ಒಂದೇ ರಕ್ತ, ಒಂದೇ ಮನೆ ಇರುವಲ್ಲಿ ಹಾಗೆ ತಿಳಿಯುವುದು ಹೇಗೆ? ಅಲ್ಲದೆ, ಒಂದು ತಾಯಿ ಎರಡು ಕೂಸುಗಳನ್ನೂ ಕೊಲ್ಲುವುದೂ ಅತಿ ವಿರಳವೇ. ಎರಡು ವಿರಳಗಳನ್ನು ಹೋಲಿಸಬೇಕೇ ಹೊರತು ಒಂದನ್ನೇ ಹಿಡಿದು ಬೆರಗಾಗಬಾರದು. 2000ದ ಮೇಲ್ಮನವಿಯಲ್ಲಿ ಸಂಖ್ಯೆಯ ದೋಷ ಚರ್ಚೆಗೆ ಬಂದರೂ, ಉಳಿದ ಸಾಕ್ಷ್ಯ ಪ್ರಬಲವಾಗಿದೆಯೆಂದು ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು. 2001ರಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕವನ್ನು ಬಹಿರಂಗವಾಗಿ ಆಕ್ಷೇಪಿಸಿತು. 2003ರಲ್ಲಿ ಅವಳ ಬಿಡುಗಡೆಯಾದದ್ದು ಮುಖ್ಯವಾಗಿ ಬೇರೊಂದು ಕಾರಣದಿಂದ: ಎರಡನೆಯ ಮಗುವಿನ ಸೂಕ್ಷ್ಮಜೀವಿ ಪರೀಕ್ಷೆಯ ಫಲಿತಾಂಶಗಳನ್ನು ಬಹಿರಂಗಪಡಿಸಿರಲಿಲ್ಲ. ಶಾಲೆಯ ಹುಡುಗನೂ ಮಾಡಬಲ್ಲ ಗುಣಾಕಾರದ ಹಿಂದಿನ ಊಹೆಯೊಂದನ್ನು ಮೊದಲ ದಿನವೇ ಪ್ರಶ್ನಿಸಲು ಗಣಿತದ ಪದವಿ ಬೇಕಾಗಿರಲಿಲ್ಲ.

ನಮ್ಮಲ್ಲಿ ಸೂತ್ರಪ್ರಾಯವಾಗಿ ಬಳಕೆಯಾಗುವ ಮಾತೊಂದಿದೆ: ಪ್ರತ್ಯಕ್ಷಸಾಕ್ಷಿ ನಂಬಲರ್ಹನಾಗಿದ್ದರೆ, ಅವನ ಹೇಳಿಕೆಯನ್ನು ತೀರ ಅಸಾಧ್ಯವಾಗಿಸದ ಹೊರತು ವೈದ್ಯನ ಅಭಿಪ್ರಾಯ ಮೇಲುಗೈಯಾಗದು. 1983ರ ಸೋಲಂಕಿ ಚಿಮನ್‌ಭಾಯಿ ಪ್ರಕರಣದಲ್ಲಿ ಇದು ಸ್ಪಷ್ಟರೂಪ ಪಡೆಯಿತು. ಸೂತ್ರ ವಿವೇಕಯುತವೇ. ಆದರೆ ಅದನ್ನು ಬರೆದು ಮುಂದಕ್ಕೆ ಸಾಗುವ ನ್ಯಾಯಾಧೀಶನಿಗೆ ಗಾಯದ ಅಂಚು, ಆಳ, ಮರಣಕಾಲ ಇವುಗಳ ಬಗೆಗೆ ವೈದ್ಯನು ಯಾವ ಲಕ್ಷಣದಿಂದ ಏನನ್ನು ಊಹಿಸಿದನೆಂದು ಅರಿಯುವ ಶ್ರಮ ತಪ್ಪುತ್ತದೆ.

ಅಮೆರಿಕದಲ್ಲಿ 1993ರ ಡೌಬರ್ಟ್ ತೀರ್ಪು ಈ ಶ್ರಮವನ್ನು ಕರ್ತವ್ಯವನ್ನಾಗಿಯೇ ಮಾಡಿತು: ಸಿದ್ಧಾಂತವನ್ನು ಪರೀಕ್ಷಿಸಲಾಗಿದೆಯೆ, ಸಮಾನ ವಿದ್ವಾಂಸರು ಪರಿಶೀಲಿಸಿದ್ದಾರೆಯೆ, ತಪ್ಪಿನ ಪ್ರಮಾಣವೆಷ್ಟು ಎಂದು ನ್ಯಾಯಾಧೀಶನೇ ವಿಚಾರಿಸಬೇಕು. ಇದರಿಂದ ನ್ಯಾಯಾಧೀಶರು ಹವ್ಯಾಸಿ ವಿಜ್ಞಾನಿಗಳಾಗಬೇಕಾದೀತೆಂದು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಶಂಕಿಸಿದರು. ಶಂಕೆ ಹುಸಿಯಲ್ಲ. 2001ರಲ್ಲಿ ಪ್ರಕಟವಾದ, 400 ನ್ಯಾಯಾಧೀಶರ ಸಮೀಕ್ಷೆಯಲ್ಲಿ ಈ ಮಾನದಂಡಗಳು ಉಪಯುಕ್ತವೆಂದವರು ಬಹುಮಂದಿ. ತಪ್ಪಿನ ಪ್ರಮಾಣವೆಂದರೇನೆಂದು ಸ್ಪಷ್ಟವಾಗಿ ತಿಳಿದಿದ್ದವರು ನೂರಕ್ಕೆ ಹತ್ತು ಮಂದಿಯೂ ಇಲ್ಲ. ಪದಗಳನ್ನು ಕಲಿಯುವುದು ಸುಲಭ.

ಭೋಪಾಲಿನ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಯಂಥ ಸಂಸ್ಥೆಗಳು ಈ ಅಂಶವನ್ನು ಗಮನಿಸಬೇಕೆಂದು ನನ್ನ ಭಾವನೆ. ಉಪನ್ಯಾಸಕ್ಕಿಂತ, ಹಳೆಯ ವರದಿಯೊಂದನ್ನು ಮುಂದಿಟ್ಟು ಕಂಡದ್ದೆಷ್ಟು ಊಹಿಸಿದ್ದೆಷ್ಟು ಎಂದು ಗೆರೆ ಎಳೆಯಿಸುವುದು ಹೆಚ್ಚು ಫಲಕಾರಿ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿಯಿಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 176(3)ನೆಯ ಪ್ರಕರಣ ಹೇಳುತ್ತದೆ. ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. ವರದಿಗಳ ರಾಶಿ ಬೆಳೆಯಲಿದೆ. 329ನೆಯ ಪ್ರಕರಣದ ಮೇರೆಗೆ ಸರ್ಕಾರಿ ತಜ್ಞನ ವರದಿಯನ್ನು, ಅವನು ಕಟಕಟೆ ಹತ್ತದೆಯೂ, ಸಾಕ್ಷ್ಯವಾಗಿ ಬಳಸಬಹುದು. ಬೇಕೆನಿಸಿದರೆ ಅವನನ್ನು ಕರೆಸಿ ವಿಚಾರಿಸುವ ಅಧಿಕಾರವೂ ಅದೇ ಪ್ರಕರಣದಲ್ಲಿ, ಮರುವಾಕ್ಯದಲ್ಲಿಯೇ ಇದೆ.