ಬಿಡುಗಡೆಯೋ, ಷರತ್ತಿನ ಜಾಮೀನೋ?

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದ ಮೊದಲ ವಚನವನ್ನು ನಾನು ಮೂರು ಭಾಷೆಗಳಲ್ಲಿ ಕೇಳಿದ್ದೇನೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಪರಂಪರೆಯ ಸಭೆಯಲ್ಲಿ ಕನ್ನಡದಲ್ಲಿ, ಬೆಂಗಳೂರಿನಲ್ಲಿದ್ದಾಗ ತಮಿಳು ಲೂಥರನ್ನರ ಆರಾಧನೆಯಲ್ಲಿ ತಮಿಳಿನಲ್ಲಿ, ಈಗ ದೆಹಲಿಯಲ್ಲಿ ಛೋಟಾನಾಗಪುರದಿಂದ ಬಂದವರ ನಡುವೆ ಹಿಂದಿಯಲ್ಲಿ. ವಚನ ಒಂದೇ, ಆದರೆ ಅದರ ಕ್ರಿಯಾಪದ ಒಂದೊಂದು ಭಾಷೆಯಲ್ಲಿ ಒಂದೊಂದು. ಕನ್ನಡ ಸತ್ಯವೇದದಲ್ಲಿ ನಂಬಿದವನು ನೀತಿವಂತನೆಂದು ‘ನಿರ್ಣಯ’ ಹೊಂದುತ್ತಾನೆ. ತಮಿಳಿನಲ್ಲಿ ಅವನನ್ನು ನೀತಿವಂತನಾಗಿ ‘ಆಕ್ಕು’ತ್ತಾರೆ, ಎಂದರೆ ಮಾಡುತ್ತಾರೆ. ಹಿಂದಿಯಲ್ಲಿ ಅವನು ಧರ್ಮಿಯಾಗಿ ‘ಠಹರು’ತ್ತಾನೆ, ಎಂದರೆ ನಿಲ್ಲುತ್ತಾನೆ. ತೀರ್ಪು ಕೊಡುವುದು ಬೇರೆ, ಮಾಡುವುದು ಬೇರೆ, ನಿಲ್ಲುವುದು ಬೇರೆ. ಲೂಥರನ್ನರು ಐದು ಶತಮಾನ ತಮ್ಮತಮ್ಮಲ್ಲೇ ಜಗಳವಾಡಿದ್ದು ಈ ಮೂರು ಕ್ರಿಯಾಪದಗಳ ನಡುವಿನ ಅಂತರದ ಬಗ್ಗೆ ಎಂದರೆ ತಪ್ಪಾಗಲಾರದು.

ಜಗಳದ ಮೂಲ ಮಾರ್ಟಿನ್ ಲೂಥರನ ಸಂಕಟದಲ್ಲಿದೆ. 1545ರಲ್ಲಿ, ತನ್ನ ಲ್ಯಾಟಿನ್ ಬರಹಗಳ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ, ‘ದೇವರ ನೀತಿ’ ಎಂಬ ಮಾತನ್ನೇ ತಾನು ದ್ವೇಷಿಸುತ್ತಿದ್ದುದನ್ನು ಅವನು ಒಪ್ಪಿಕೊಳ್ಳುತ್ತಾನೆ. ಪಾಪಿಯನ್ನು ಹಿಡಿದು ದಂಡಿಸುವ ನೀತಿ ಅದೆಂದು ಅವನು ಓದಿಕೊಂಡಿದ್ದ. ದೇವರು ಕೇಳುವ ನೀತಿಯಲ್ಲ, ಕೊಡುವ ನೀತಿ ಅದು ಎಂದು ಹೊಳೆದ ದಿನ ಅವನಿಗೆ ಸ್ವರ್ಗದ ಬಾಗಿಲು ತೆರೆದಂತಾಯಿತು. 1530ರ ಆಗ್ಸ್‌ಬರ್ಗ್ ಅರಿಕೆಯ ನಾಲ್ಕನೆಯ ವಿಧಿ ಇದನ್ನೇ ಸಭೆಯ ಬೋಧನೆಯಾಗಿ ದಾಖಲಿಸಿತು: ಮನುಷ್ಯನ ಯೋಗ್ಯತೆಯಿಂದಲ್ಲ, ಕೆಲಸದಿಂದಲ್ಲ, ಕ್ರಿಸ್ತನ ನಿಮಿತ್ತ, ನಂಬಿಕೆಯ ಮೂಲಕ.

ವಿಧಿ ಬರೆಯುವುದು ಸುಲಭವಾಗಿತ್ತು. ಪ್ರಸಂಗಪೀಠದಲ್ಲಿ ಅದನ್ನು ಹೇಳುವುದು ಕಷ್ಟವಾಯಿತು. 1537ರಲ್ಲೇ ಯೋಹಾನ್ ಆಗ್ರಿಕೋಲಾ ಧರ್ಮಶಾಸ್ತ್ರದ, ಎಂದರೆ ದೇವರ ಆಜ್ಞೆಗಳ, ಜಾಗ ನ್ಯಾಯಸ್ಥಾನ, ಸಭೆಯಲ್ಲಿ ಸುವಾರ್ತೆಯೊಂದೇ ಸಾಕು ಎಂದ. ಲೂಥರನೇ ಅವನ ವಿರುದ್ಧ ವಾದಕ್ಕೆ ನಿಂತ. ಲೂಥರ್ ತೀರಿಕೊಂಡ ಮೇಲೆ ಗಿಯೋರ್ಗ್ ಮೇಯರ್ ರಕ್ಷಣೆಗೆ ಸತ್ಕ್ರಿಯೆಗಳು ಅಗತ್ಯ ಎಂದರೆ, ಅವನಿಗೆ ಎದುರಾಗಿ ಆಮ್ಸ್‌ಡೋರ್ಫ್ ಸತ್ಕ್ರಿಯೆಗಳು ರಕ್ಷಣೆಗೆ ಹಾನಿಕರ ಎನ್ನುವವರೆಗೂ ಹೋದ. ಕ್ಯೋನಿಗ್ಸ್‌ಬರ್ಗ್‌ನಲ್ಲಿ ಆಂದ್ರೆಯಾಸ್ ಓಸಿಯಾಂಡರ್ ಎತ್ತಿದ ಪ್ರಶ್ನೆ ಇವೆಲ್ಲಕ್ಕಿಂತ ಆಳವಾದದ್ದು. ಒಳಗೆ ಏನೂ ಬದಲಾಗದವನನ್ನು ದೇವರು ನೀತಿವಂತನೆಂದು ಕರೆದರೆ ದೇವರು ಸುಳ್ಳು ಹೇಳಿದಂತಾಗುವುದಿಲ್ಲವೇ? ಕ್ರಿಸ್ತನೇ ಒಳಗೆ ನೆಲೆಸಿ ನೀತಿವಂತನನ್ನಾಗಿ ಮಾಡುತ್ತಾನೆ ಎಂಬುದು ಅವನ ಉತ್ತರ. ಲೂಥರನ್ನರ 1577ರ ಏಕಮತ್ಯದ ಸೂತ್ರ ಅವನನ್ನು ತಿರಸ್ಕರಿಸಿ, ಮಾಡುವ ಮಾತಿಗಿಂತ ನಿರ್ಣಯಿಸುವ ಮಾತೇ ಸರಿ ಎಂದಿತು. ಹಾಗೆ ನೋಡಿದರೆ ನಮ್ಮ ಕನ್ನಡ ಅನುವಾದ ಏಕಮತ್ಯದ ಸೂತ್ರದ ಪಕ್ಷದಲ್ಲಿದೆ, ತಮಿಳಿನದು ಓಸಿಯಾಂಡರನ ನೆರೆಯಲ್ಲಿದೆ. ಅನುವಾದಕರು ಹೀಗೆಂದುಕೊಂಡೇ ಪದ ಆರಿಸಿದರೆಂದು ನಾನು ಹೇಳುತ್ತಿಲ್ಲ. ಭಾನುವಾರ ಕೂತು ಕೇಳುವವನ ಕಿವಿಗೆ ಬೀಳುವುದು ಮಾತ್ರ ಆ ಪದವೇ.

ಹಾಗಾದರೆ ಕನ್ನಡ ಪ್ರಸಂಗ ತೀರ್ಪಿನ ಪ್ರಸಂಗವಾಗಬೇಕಿತ್ತು. ಆಗಲಿಲ್ಲ. ಕ್ರಿಯಾಪದ ಸರಿಯಾಗಿದ್ದರೂ ನಾಮಪದ ನಮ್ಮನ್ನು ಬೇರೆ ಕಡೆಗೆ ಎಳೆಯಿತು. ‘ನೀತಿ’ ಎಂದ ಕೂಡಲೇ ಕನ್ನಡಿಗನ ನೆನಪಿಗೆ ಬರುವುದು ವಿದುರನೀತಿ, ನೀತಿಕಥೆ, ಶಾಲೆಯ ನೀತಿಪಾಠ. ನೀತಿಗೆಟ್ಟವನು ಎಂಬುದು ನಮ್ಮಲ್ಲಿ ಬೈಗುಳ. ಈ ಪದಕ್ಕೆ ನಡತೆಯ ವಾಸನೆ ಅಂಟಿಕೊಂಡೇ ಇದೆ, ಅದು ಗಳಿಸಬೇಕಾದ ವಸ್ತು. ಗಳಿಸಬೇಕಾದದ್ದನ್ನು ಪುಕ್ಕಟೆಯಾಗಿ ಕೊಡಲಾಗಿದೆ ಎಂದರೆ ಕೇಳುವವನಿಗೆ ಒಂದೋ ನಂಬಿಕೆ ಬರುವುದಿಲ್ಲ, ಇಲ್ಲವೇ ಇದೊಂದು ಸಾಲ, ಮುಂದೆ ತೀರಿಸಬೇಕು ಎಂದುಕೊಳ್ಳುತ್ತಾನೆ. ನಾನು ಬೆಳೆದ ಸಭೆಯಲ್ಲಿ ಎರಡನೆಯದೇ ಹೆಚ್ಚಾಗಿತ್ತು.

ಇದಕ್ಕೆ ಪದವನ್ನಷ್ಟೇ ದೂರಿದರೆ ನ್ಯಾಯವಾಗದು. ಅದನ್ನು ತಂದವರ ಕಡೆಗೂ ನೋಡಬೇಕು. 1834ರಲ್ಲಿ ಹೇಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. 1836ರಲ್ಲಿ ಹೆರ್ಮನ್ ಮೊಗ್ಲಿಂಗ್ ಬಂದರು. ಬಾಸೆಲ್ ಮಿಶನ್ನಿನಲ್ಲಿ ಲೂಥರನ್ನರೂ ಇದ್ದರು, ಸ್ವಿಸ್ ರಿಫಾರ್ಮ್ಡ್ ಪಂಥದವರೂ ಇದ್ದರು. ಆದರೆ ಅದಕ್ಕೆ ಉಸಿರು ಕೊಟ್ಟದ್ದು ವ್ಯೂರ್ಟೆಂಬರ್ಗ್ ಪ್ರಾಂತದ ಲೂಥರನ್ ಪಯಟಿಸಂ, ಅಂದರೆ ಹೃದಯದ ಭಕ್ತಿಗೆ ಒತ್ತು ಕೊಟ್ಟ ಚಳವಳಿ. ಒಣಗಿದ ಸಿದ್ಧಾಂತಕ್ಕೆ ಎದುರಾಗಿ ಹುಟ್ಟಿದ ಜೀವಂತ ಚಳವಳಿ ಅದು, ಅದರ ಋಣ ಕನ್ನಡದ ಮೇಲೆ ದೊಡ್ಡದು. ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ಎಲ್ಲರಿಗೂ ಗೊತ್ತು. ಆದರೆ ಪಯಟಿಸಂ ನಂಬಿಕೆಗೆ ಒಂದು ಪರೀಕ್ಷೆಯನ್ನೂ ಜೊತೆಗೆ ತಂದಿತು: ನಿನ್ನ ಪಶ್ಚಾತ್ತಾಪ ನಿಜವೇ? ನಿನ್ನ ಹೃದಯ ಒಡೆದಿದೆಯೇ? ಅದಕ್ಕೆ ಗುರುತೇನು?

ತುಳುನಾಡಿನಲ್ಲಿ ಆ ಗುರುತು ಹೊಟ್ಟೆಪಾಡಿನ ಪ್ರಶ್ನೆಯಾಯಿತು. ಸಭೆಗೆ ಬಂದವರಲ್ಲಿ ಬಿಲ್ಲವರು ಬಹಳ. ಮೂರ್ತೆ ಅವರ ಕಸುಬು. ಕಳ್ಳು ಇಳಿಸುವ ಕೆಲಸ ಕ್ರೈಸ್ತನಿಗೆ ಸಲ್ಲದು ಎಂದು ಮಿಶನ್ ನಿರ್ಧರಿಸಿತು. ದೀಕ್ಷಾಸ್ನಾನ ಪಡೆದವನು ತಾಳೆಮರ ಬಿಟ್ಟ, ಮರದ ಜೊತೆ ಅನ್ನವನ್ನೂ ಬಿಟ್ಟ. ಅವನಿಗೆ ಕೆಲಸ ಕೊಡಲೇಬೇಕಾದ ಮಿಶನ್ ನೇಯ್ಗೆ ಆರಂಭಿಸಿತು, 1865ರಲ್ಲಿ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು. ನಮ್ಮ ಕರಾವಳಿಯ ಕೆಂಪು ಮಾಡುಗಳ ಕಥೆ ಇಲ್ಲಿಂದಲೇ ಶುರುವಾಗುತ್ತದೆ. ಆ ಕಾರ್ಖಾನೆಗಳು ಸಾವಿರಾರು ಕುಟುಂಬಗಳನ್ನು ಸಾಕಿದವು, ಅದನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಆದರೆ ಕೂಲಿ ಕೊಡುವವರು, ಮನೆ ಕೊಡುವವರು, ಕರ್ತನ ಭೋಜನಕ್ಕೆ ಯಾರು ಯೋಗ್ಯರೆಂದು ಹೇಳುವವರು ಒಂದೇ ಮಿಶನ್ನಿನವರಾದಾಗ ‘ನೀನು ಬಿಡುಗಡೆಯಾಗಿದ್ದೀ’ ಎಂಬ ತೀರ್ಪು ಕೇಳುಗನ ಕಿವಿಯಲ್ಲಿ ಏನಾಗಿ ಉಳಿದೀತು? ಕುಡಿದರೆ, ಸಾಲ ಮಾಡಿದರೆ, ಭೂತದ ಕೋಲಕ್ಕೆ ಹೋದರೆ ಭೋಜನದಿಂದ ಹೊರಗೆ. ಪ್ರಸಂಗದಲ್ಲಿ ಬಿಡುಗಡೆ ಎಂದು ಸಾರಿದ್ದು ಬದುಕಿನಲ್ಲಿ ಷರತ್ತುಬದ್ಧ ಜಾಮೀನಾಯಿತು. ವಾರಕ್ಕೊಮ್ಮೆ ಠಾಣೆಗೆ ಹೋಗಿ ರುಜು ಹಾಕುವವನ ಹಾಗೆ ಭಾನುವಾರ ಹಾಜರಾಗುವ ಕ್ರೈಸ್ತರನ್ನು ನಾನು ಬಾಲ್ಯದಿಂದ ನೋಡಿದ್ದೇನೆ, ಅವರಲ್ಲಿ ನನ್ನ ಹಿರಿಯರೂ ಇದ್ದರು.

ಈ ಚರ್ಚೆ ಕನ್ನಡ ನೆಲಕ್ಕೆ ಹೊಸದೇನಲ್ಲ. ಶ್ರೀವೈಷ್ಣವರಲ್ಲಿ ವಡಗಲೆ, ತೆಂಗಲೆಗಳ ನಡುವಿನ ಮರ್ಕಟ ಕಿಶೋರ ನ್ಯಾಯ, ಮಾರ್ಜಾಲ ಕಿಶೋರ ನ್ಯಾಯಗಳು ಮೇಲುಕೋಟೆಯ ಕಡೆಯವರಿಗೆ ಹೊಸತಲ್ಲ. ಮರಿಕೋತಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಯನ್ನಾದರೆ ತಾಯಿಯೇ ಕಚ್ಚಿ ಒಯ್ಯುತ್ತದೆ. ಜರ್ಮನಿಯ ಲೂಥರನ್ ಪಂಡಿತ ರುಡಾಲ್ಫ್ ಓಟೊ 1930ರಲ್ಲಿ ಭಾರತದ ಕೃಪಾಧರ್ಮದ ಬಗ್ಗೆ ಪುಸ್ತಕ ಬರೆದಾಗ ಈ ಎರಡು ನ್ಯಾಯಗಳಲ್ಲಿ ತನ್ನ ಮನೆಯ ಜಗಳವನ್ನೇ ಗುರುತಿಸಿದ. ಲೂಥರ್ ಬೆಕ್ಕಿನ ಪಕ್ಷ. ಅವನ ಹೆಸರಿನಲ್ಲಿ ನಮ್ಮಲ್ಲಿ ನಡೆದ ಪ್ರಸಂಗ ಬಹುಮಟ್ಟಿಗೆ ಕೋತಿಯ ಪಕ್ಷ: ನಂಬಿಕೆಯೇ ಒಂದು ಹಿಡಿತ, ಅದು ಸಡಿಲವಾದರೆ ಬಿದ್ದೆ. ಕೆಲಸದಿಂದಲ್ಲ ಎಂದು ಹೇಳುತ್ತಲೇ ನಂಬಿಕೆಯನ್ನೇ ಅತಿ ದೊಡ್ಡ ಕೆಲಸವನ್ನಾಗಿ ಮಾಡಿದ್ದು ಈ ಪರಂಪರೆಯ ಅತಿ ದೊಡ್ಡ ತಪ್ಪು ಎಂದು ನಾನು ತಿಳಿದಿದ್ದೇನೆ.

ಇದಕ್ಕೆ ಎದುರು ತುದಿಯಲ್ಲಿ ನಿಂತವರು ಅಮೆರಿಕದ ಲೂಥರನ್ ಸಭೆಯಾದ ಮಿಸೌರಿ ಸಿನಡ್‌ನವರು. ಅವರ ಮಿಶನ್ನಿನಿಂದ ಬೆಳೆದದ್ದು ದಕ್ಷಿಣದ ಇಂಡಿಯಾ ಇವಾಂಜೆಲಿಕಲ್ ಲೂಥರನ್ ಚರ್ಚ್. ಅವರ ಗುರು ವಾಲ್ಥರ್ 1884–85ರಲ್ಲಿ ಧರ್ಮಶಾಸ್ತ್ರವನ್ನೂ ಸುವಾರ್ತೆಯನ್ನೂ ಬೆರಕೆ ಮಾಡದೆ ಬೋಧಿಸುವುದು ಹೇಗೆಂದು ವಿದ್ಯಾರ್ಥಿಗಳಿಗೆ ಸಂಜೆ ಸಂಜೆ ಪಾಠ ಹೇಳಿದ. ಪ್ರಸಂಗಿಯಾಗುವವರೆಲ್ಲರೂ ಆ ಪಾಠಗಳನ್ನು ಓದಬೇಕು. ಆದರೆ ಸೂತ್ರ ಶುದ್ಧವಾಗಿದ್ದರೂ ಅದನ್ನು ಕಾಯುವ ಕೆಲಸವೇ ಮುಖ್ಯವಾದಾಗ ಕೇಳುಗ ಮರೆತುಹೋಗುತ್ತಾನೆ. 1963ರಲ್ಲಿ ಹೆಲ್ಸಿಂಕಿಯಲ್ಲಿ ಸೇರಿದ ಲೂಥರನ್ ವಿಶ್ವ ಒಕ್ಕೂಟ ಇಂದಿನ ಮನುಷ್ಯನಿಗೆ ಈ ಬೋಧನೆಯನ್ನು ಹೇಗೆ ಹೇಳಬೇಕೆಂದು ಒಮ್ಮತಕ್ಕೆ ಬರಲಾಗದೆ ಚದುರಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಅದೇ ಒಕ್ಕೂಟ ಇದೇ ಬೋಧನೆಯ ಬಗ್ಗೆ ರೋಮನ್ ಕಥೋಲಿಕರೊಂದಿಗೆ ಜಂಟಿ ಘೋಷಣೆಗೆ ಸಹಿ ಹಾಕಿತು. ಅದಕ್ಕೆ ಮುಂಚೆಯೇ ಜರ್ಮನಿಯ ನೂರಕ್ಕೂ ಹೆಚ್ಚು ಪ್ರಾಧ್ಯಾಪಕರು ವಿರೋಧಿಸಿದ್ದರು, ಮಿಸೌರಿಯವರು ದೂರವೇ ಉಳಿದರು. ನಮ್ಮಲ್ಲಿಯೂ 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ನಂತರ ಲೂಥರನ್ನರೊಂದಿಗೆ ವರ್ಷಗಟ್ಟಲೆ ಮಾತುಕತೆ ನಡೆದು, ಧರ್ಮಶಾಸ್ತ್ರ ಮತ್ತು ಸುವಾರ್ತೆಯ ಬಗ್ಗೆ ಒಪ್ಪಿಗೆಯ ಹೇಳಿಕೆಯೂ ಬಂತು. ಐಕ್ಯ ಮಾತ್ರ ಆಗಲಿಲ್ಲ.

ದೆಹಲಿಗೆ ಬಂದ ಮೇಲೆ ಈ ಪ್ರಶ್ನೆಯನ್ನು ನಾನು ಬೇರೆ ಕಡೆಯಿಂದ ನೋಡಬೇಕಾಯಿತು. ಇಲ್ಲಿನ ಲೂಥರನ್ನರಲ್ಲಿ ಬಹುಪಾಲು ಜನ ಜಾರ್ಖಂಡಿನ ಆದಿವಾಸಿಗಳು: ಮುಂಡಾ, ಉರಾಂವ್, ಖಡಿಯಾ. ಗುಮ್ಲಾ, ಸಿಮಡೇಗಾ, ಖೂಂಟಿಯಿಂದ ಬಂದ ಹೆಣ್ಣುಮಕ್ಕಳು ದೆಹಲಿ, ಗುರುಗ್ರಾಮ, ನೋಯ್ಡಾದ ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಇವರ ತಾಯಿಸಭೆ ಗಾಸ್ನರ್ ಇವಾಂಜೆಲಿಕಲ್ ಲೂಥರನ್ ಚರ್ಚ್. ಬರ್ಲಿನ್‌ನಿಂದ ಗಾಸ್ನರ್ ಕಳಿಸಿದ ನಾಲ್ವರು ಮಿಶನರಿಗಳು 1845ರ ನವೆಂಬರ್ 2ರಂದು ರಾಂಚಿಗೆ ತಲುಪಿದ್ದರು; 1850ರಲ್ಲಿ ನಾಲ್ಕು ಮಂದಿ ಉರಾಂವರು ಮೊದಲ ದೀಕ್ಷಾಸ್ನಾನ ಪಡೆದರು. ಮೊದಲ ಮಹಾಯುದ್ಧದಲ್ಲಿ ಜರ್ಮನರನ್ನು ಹೊರಗಟ್ಟಿದ ಮೇಲೆ, 1919ರ ಜುಲೈ 10ರಂದು, ಈ ಸಭೆ ಸ್ವಾಯತ್ತತೆ ಘೋಷಿಸಿಕೊಂಡಿತು. ಅದೇ ಯುದ್ಧ ಮಂಗಳೂರಿನ ಹೆಂಚಿನ ಕಾರ್ಖಾನೆಗಳನ್ನೂ ಬಾಸೆಲ್‌ನವರ ಕೈಯಿಂದ ತಪ್ಪಿಸಿತು.

ಛೋಟಾನಾಗಪುರದಲ್ಲಿ ‘ತೀರ್ಪು’ ರೂಪಕವಾಗಿ ಉಳಿಯಲಿಲ್ಲ. ಜಮೀನು ಕಳೆದುಕೊಂಡು, ಜಮೀನ್ದಾರನಿಗೆ ಬಿಟ್ಟಿ ಚಾಕರಿ ಮಾಡುತ್ತಿದ್ದ ಮುಂಡಾಗಳಿಗೆ ನಿಜವಾದ ಕೋರ್ಟು, ನಿಜವಾದ ವಕೀಲ ಬೇಕಿತ್ತು. ಲೂಥರನ್ ಸಭೆಯ ಒಳಗಿನಿಂದಲೇ, ಜಮೀನಿನ ಹಕ್ಕಿಗಾಗಿ, ಸರ್ದಾರಿ ಚಳವಳಿ ಎದ್ದಿತು. ಮಿಶನರಿಗಳು ಅದರಿಂದ ಕೈ ತೊಳೆದುಕೊಂಡರು. 1885ರಲ್ಲಿ ಬಂದ ಬೆಲ್ಜಿಯಂನ ಜೆಸ್ಯುಯಿಟ್ ಕಾನ್ಸ್ಟಾಂಟ್ ಲೀವೆನ್ಸ್ ಗೇಣಿಯ ಮೊಕದ್ದಮೆಗಳಲ್ಲಿ ಜನರ ಪರ ನಿಂತರು, ಸಾವಿರಾರು ಮಂದಿ ಅವರ ಹಿಂದೆ ಹೋದರು. ಚಾಯಿಬಾಸಾದ ಜರ್ಮನ್ ಮಿಶನ್ ಶಾಲೆಯಲ್ಲಿ ಓದಿದ ಹುಡುಗ ಬಿರ್ಸಾ ಮುಂಡಾ ಮಿಶನ್ ಬಿಟ್ಟು ಹೊರಬಂದ. ದೇವರ ನ್ಯಾಯಸ್ಥಾನದ ಬಗ್ಗೆ ಅಷ್ಟು ಸೂಕ್ಷ್ಮವಾಗಿ ವಾದಿಸಿದ ಪರಂಪರೆ ರಾಂಚಿಯ ನ್ಯಾಯಸ್ಥಾನದ ಬಾಗಿಲಲ್ಲಿ ಮೌನವಾಗಿ ನಿಂತದ್ದು ನನ್ನ ಮಟ್ಟಿಗೆ ಸಣ್ಣ ಲೋಪವಲ್ಲ. ಪೌಲನ ಗ್ರೀಕ್ ಪದದಲ್ಲಿ ನೀತಿ, ನ್ಯಾಯ ಎರಡೂ ಒಂದೇ. ನಾವು ಅವನ್ನು ಬೇರ್ಪಡಿಸಿ ಒಂದನ್ನು ಪ್ರಸಂಗಿಗೂ ಇನ್ನೊಂದನ್ನು ವಕೀಲನಿಗೂ ಹಂಚಿಕೊಟ್ಟೆವು.

ಇದನ್ನು ನೋಡಿ ‘ಹಾಗಾದರೆ ತೀರ್ಪಿನ ಬೋಧನೆಯನ್ನೇ ಬಿಡೋಣ, ನ್ಯಾಯವನ್ನು ಸಾರೋಣ’ ಎನ್ನುವವರು ಇದ್ದಾರೆ. ನಾನು ಅವರೊಂದಿಗೆ ಹೋಗಲಾರೆ. ಕಾರಣ ದೆಹಲಿಯ ಭಾನುವಾರಗಳಲ್ಲಿದೆ. ವಾರದ ಆರು ದಿನ ಈ ಹೆಣ್ಣುಮಕ್ಕಳ ಮೇಲೆ ತೀರ್ಪು ಬೀಳುತ್ತಲೇ ಇರುತ್ತದೆ. ಪೊಲೀಸ್ ವೆರಿಫಿಕೇಶನ್ ಆಗಿದೆಯೇ, ಕೈ ಚೊಕ್ಕವೇ, ಕೆಲಸ ಚುರುಕೇ, ಲಿಫ್ಟಿನಲ್ಲಿ ಬರಬಹುದೇ. ಅಂಥವಳು ಅರ್ಧ ದಿನದ ರಜೆ ಸಿಕ್ಕಾಗ ಬಂದು ಬೆಂಚಿನಲ್ಲಿ ಕೂರುತ್ತಾಳೆ. ಅವಳಿಗೆ ಪ್ರಸಂಗಿ ಮತ್ತೊಂದು ಪರೀಕ್ಷೆಯನ್ನು ಒಡ್ಡಿದರೆ, ಪ್ರಾಮಾಣಿಕಳಾಗಿರು, ಶಹರದಲ್ಲಿ ಕೆಡಬೇಡ, ಊರಿಗೆ ಹಣ ಕಳಿಸು ಎಂದಷ್ಟೇ ಹೇಳಿದರೆ, ಅದು ಏಳನೆಯ ದಿನದ ಚಾಕರಿ. ಇಂಥ ಪ್ರಸಂಗಗಳನ್ನು ಇಲ್ಲಿ ನಾನು ಕೇಳಿದ್ದೇನೆ, ಬೇಸರಪಟ್ಟಿದ್ದೇನೆ. ಒಂದು ಮಧ್ಯಾಹ್ನ ಮಾತ್ರ ‘ಧರ್ಮಿ ಠಹರೇ’ ಎಂಬ ಮಾತನ್ನು ಬೋಧಕರು ಬಿಡಿಸಿ ಹೇಳಿದರು. ಠಹರ್‌ನಾ ಎಂದರೆ ತಂಗುವುದೂ ಹೌದು. ಈ ಊರಿನಲ್ಲಿ ಎಲ್ಲರೂ ಕೇಳುತ್ತಾರೆ, ಎಲ್ಲಿ ಠಹರಿದ್ದೀಯ ಎಂದು. ದೇವರ ಮುಂದೆ ನಿನಗೆ ನಿಲ್ಲಲು ಜಾಗ ಸಿಕ್ಕಿದೆ, ಬಾಡಿಗೆ ಬೇರೆಯವನು ಕಟ್ಟಿದ್ದಾನೆ ಎಂದರು. ಅಲ್ಲಿಗೆ ನಿಲ್ಲಿಸಿದರು. ಅದರ ಮೇಲೆ ‘ಆದರೆ’ ಎಂದು ಸೇರಿಸಲಿಲ್ಲ. ಲೂಥರನ ಬೋಧನೆಯನ್ನು ಪ್ರಸಂಗವಾಗಿ ನಾನು ಕೇಳಿದ್ದು ಅಂದು.

ಹೊರಗಿನಿಂದ ಬರುವ ತೀರ್ಪು ಬದುಕನ್ನು ಬದಲಿಸುವುದಿಲ್ಲ ಎಂಬ ಓಸಿಯಾಂಡರನ ಭಯಕ್ಕೆ ಉತ್ತರವೂ ಇಲ್ಲೇ ಇದೆ. ಎಲ್ಲರೂ ತಪ್ಪಿತಸ್ಥಳೆಂದು ನೋಡುವ ಕಡೆ ಒಬ್ಬಳು ತಾನು ಬಿಡುಗಡೆಯಾದವಳೆಂದು ನಂಬಿದರೆ ಅವಳ ಬೆನ್ನು ನೆಟ್ಟಗಾಗುತ್ತದೆ, ಸಂಬಳ ಹಿಡಿದವನನ್ನು ಯಾಕೆಂದು ಕೇಳುತ್ತಾಳೆ. 2017ರಲ್ಲಿ ನಮೀಬಿಯಾದ ವಿಂಡ್‌ಹುಕ್‌ನಲ್ಲಿ ಸೇರಿದ ಲೂಥರನ್ ವಿಶ್ವ ಒಕ್ಕೂಟ ರಕ್ಷಣೆ ಮಾರಾಟಕ್ಕಿಲ್ಲ ಎಂಬುದರ ಪಕ್ಕದಲ್ಲೇ ಮನುಷ್ಯರು ಮಾರಾಟಕ್ಕಿಲ್ಲ ಎಂದು ಬರೆದುಕೊಂಡಿತು. ಏಜೆಂಟರು ಹಳ್ಳಿಯಿಂದ ಹುಡುಗಿಯರನ್ನು ಕರೆತಂದು ದೆಹಲಿಯಲ್ಲಿ ಬಿಟ್ಟುಹೋಗುವುದನ್ನು ಕಂಡವರಿಗೆ ಈ ಎರಡು ಸಾಲುಗಳ ಸಂಬಂಧವನ್ನು ವಿವರಿಸಬೇಕಿಲ್ಲ.

ಕನ್ನಡ ಸಭೆಗಳ ಬೋಧಕರಲ್ಲಿ ನನ್ನದೊಂದು ಕೋರಿಕೆ. ‘ನೀತಿ’ಯನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ಅದು ಎರಡು ಶತಮಾನದ ಬಳಕೆ. ಆದರೆ ಅದರ ಪಕ್ಕದಲ್ಲೇ ‘ಎಣಿಸು’ ಎಂಬ ಅಪ್ಪಟ ಕನ್ನಡ ಪದ ಪೌಲನ ಆ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ತುಂಬ ಕೂತಿದೆ. ಲೆಕ್ಕಪುಸ್ತಕದ ಪದ ಅದು. ಕೊಟ್ಟವನ ಕೈಬರಹ, ಪಡೆದವನ ಹೆಸರು. ಬರುವ ಅಕ್ಟೋಬರಿನ ಕೊನೆಯ ಭಾನುವಾರ, ಸುಧಾರಣೆಯ ದಿನದ ಪ್ರಸಂಗದಲ್ಲಿ, ಆ ಪದವೊಂದನ್ನೇ ಹಿಡಿದು ಬೋಧಿಸಿ. ತೀರ್ಪು ಓದಿ ಮುಗಿಸಿದ ಮೇಲೆ ದಯವಿಟ್ಟು ಷರತ್ತುಗಳನ್ನು ಓದಬೇಡಿ.