ನಂಬರ್ ಪ್ಲೇಟ್ ನಂಬಿ ಬೇಸ್ ಗಿಟಾರ್ ಕೊಳ್ಳಬೇಡಿ

ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಹಳೇ ಬೈಕ್ ನೋಡೋಕೆ ಹೋದವರು ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ತಾಳೆ ಹಾಕ್ತಾರೆ. ಅದೇ ಜನ 'ವಿಂಟೇಜ್ ಫೆಂಡರ್ ಬೇಸ್' ಅಂದ ಕೂಡ್ಲೇ ಒಂದು ಸೀರಿಯಲ್ ನಂಬರ್ ಗೂಗಲ್ ಮಾಡಿ ಲಕ್ಷಗಟ್ಟಲೆ ಎಣಿಸೋಕೆ ತಯಾರು. ಈ ನಂಬರ್ ಭಕ್ತಿಯ ಮೇಲೇ ನನ್ನ ತಕರಾರು.

ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಶನ್ ಬೇಸ್‌ನ ಜಾಣತನವೇ ಬಿಚ್ಚಿ ಜೋಡಿಸುವ ಸುಲಭ. ನೆಕ್ ನಿಂತಿರೋದು ನಾಲ್ಕು ಸ್ಕ್ರೂಗಳ ಮೇಲೆ. 1976ರ ಸುಮಾರಿಗೆ ತಲೆಭಾಗಕ್ಕೆ ಹೋಗುವ ತನಕ, ಬಹುಕಾಲ ಸೀರಿಯಲ್ ನಂಬರ್ ಇದ್ದದ್ದು ಆ ಸ್ಕ್ರೂಗಳು ಹಾಯುವ ಲೋಹದ ಪ್ಲೇಟಿನ ಮೇಲೆ. ಪ್ಲೇಟ್ ಬದಲಿಸೋಕೆ ಒಂದು ಸ್ಕ್ರೂಡ್ರೈವರ್ ಸಾಕು. ಸಾಲದ್ದಕ್ಕೆ, ಕಾರ್ಖಾನೆಯಲ್ಲೂ ಪ್ಲೇಟುಗಳನ್ನು ನಂಬರಿನ ಕ್ರಮದಲ್ಲೇ ಹಾಕ್ತಿರಲಿಲ್ಲ.

ಹಾಗಾದ್ರೆ ನೋಡೋದೇನು? ನೆಕ್ ಬಿಚ್ಚಿಸಿ. ಅದರ ಬುಡದಲ್ಲಿ ತಿಂಗಳು, ವರ್ಷದ ಗುರುತು ಇರಬಹುದು. ವಾಲ್ಯೂಮ್ ಪಾಟ್ ಮೇಲೆ 1376633 ಅಂತಿದ್ರೆ, 137 ಅನ್ನೋದು ಸಿಟಿಎಸ್ ಕಂಪನಿ, 66 ವರ್ಷ, 33 ವಾರ. ಅಂದ್ರೆ 1966ರ ಆಗಸ್ಟ್. ಪಾಟ್ ಮೂಲದ್ದೇ ಆಗಿದ್ರೆ ಗಿಟಾರ್ ಅದಕ್ಕಿಂತ ಹಳೇದಾಗೋಕೆ ಸಾಧ್ಯವಿಲ್ಲ. ಬೆಸುಗೆ ಹೊಸದಾಗಿ ಹೊಳೀತಿದ್ರೆ ಆ ಸಾಕ್ಷಿಯನ್ನೂ ಅನುಮಾನಿಸಿ. ಮೂರೂ ತಾರೀಖು ಹತ್ತಿರಹತ್ತಿರ ಬಂದರೆ ಮಾತ್ರ ವಯಸ್ಸಿನ ಮಾತು.

ನಮ್ಮ ಕಡೆ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸ್ತಾರೆ, ಮಾರೋನು ಬೇಜಾರಾಗಲ್ಲ. ನೆಕ್ ಬಿಚ್ಚೋಕೆ ಬಿಡದವನಿಗೆ ಸಾಧಾರಣ ಸೆಕೆಂಡ್‌ಹ್ಯಾಂಡ್ ರೇಟ್ ಹೇಳಿ. ಒಪ್ಪಿದ್ರೆ ನುಡಿಸಿ ನೋಡಿ, ಕಿವಿಗೆ ಹಿಡಿಸಿದ್ರೆ ತಗೊಳ್ಳಿ.